ಬೋರಲು ಹಾಕಿದ ಕುಡಿಕೆ

ಹೊಳೆ ದಂಡೆಯ ಮೇಲೆ ಒಂದು ಸಣ್ಣ ಮಠ. ಮಠದಲ್ಲಿ ಇಬ್ಬರೇ. ಒಬ್ಬರು ಸೋಮಲಿಂಗಜ್ಜ, ಎಲ್ಲರ ಬಾಯಲ್ಲೂ ಅಜ್ಜಾರು. ಇನ್ನೊಬ್ಬ ಅವರ ಶಿಷ್ಯ ಮುರಿಗೆಪ್ಪ.

ಮಠಕ್ಕೆ ಹೊಲವಿಲ್ಲ, ಮನೆಯಿಲ್ಲ. ಬೆಳ್ಳಿ ಪಲ್ಲಕ್ಕಿಯಂತೂ ಇಲ್ಲವೇ ಇಲ್ಲ. ಇದ್ದದ್ದು ಎರಡು ಎಮ್ಮೆ ಮತ್ತು ಒಂದು ನೇಮ. ದೋಣಿ ಹತ್ತಲು ಬಂದವರಿಗೆಲ್ಲ, ಯಾರೇ ಇರಲಿ, ಹೊಟ್ಟೆ ತಂಪಾಗುವಷ್ಟು ಮಜ್ಜಿಗೆ.

ಮಜ್ಜಿಗೆಗೆ ಮೊಸರು ಬೇಕು, ಮೊಸರಿಗೆ ಹೆಪ್ಪು ಬೇಕು. ಅದಕ್ಕೇ ಬೆಳಿಗ್ಗೆ ಮೊಸರು ಕಡೆಯುವ ಮೊದಲು ಒಂದು ಚಮಚ ತೆಗೆದು ಸಣ್ಣ ಕುಡಿಕೆಯಲ್ಲಿ ಇಡಬೇಕು. ಸಂಜೆ ಹಾಲು ಕಾಸಿ, ಆರಿಸಿ, ಅದನ್ನು ಹಾಲಿಗೆ ಬಿಡಬೇಕು. ಆ ಹೆಪ್ಪು ಅಜ್ಜಾರ ಗುರುಗಳ ಕಾಲದಿಂದಲೂ ಕಡಿಯದೆ ನಡೆದುಕೊಂಡು ಬಂದಿತ್ತು.

ಮುರಿಗೆಪ್ಪ ಮಠಕ್ಕೆ ಬಂದ ದಿನ ಅಜ್ಜಾರು ಮಂತ್ರಗಿಂತ್ರ ಏನೂ ಹೇಳಿಕೊಡಲಿಲ್ಲ. ಆ ಕುಡಿಕೆಯನ್ನು ಕೈಗಿಟ್ಟರು.

"ಮೊದಲ ಇದಕ್ಕ ತೆಗದಿಡು. ಆಮ್ಯಾಲ ಮಂದಿಗೆ ಹಾಕು."

ಅಷ್ಟೇ ಉಪದೇಶ.

ಅಂಥ ಹೆಪ್ಪು ಒಂದು ದಿನ ಕಡಿದುಹೋಯಿತು.

ಬೆಳಿಗ್ಗೆ ಅಜ್ಜಾರು ಗಡಿಗೆಯ ಮುಚ್ಚಳ ತೆಗೆದು ನೋಡಿದರೆ ಹಾಲು ಹಾಲಾಗಿಯೇ ಇತ್ತು. ಮುರಿಗೆಪ್ಪ ಇನ್ನೂ ತನ್ನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ಮುರಿಗೆಪ್ಪಾ, ನಿನ್ನೆ ಹೆಪ್ಪ ಹಾಕಿಲ್ಲೇನೋ?"

ಅವನು ಎದ್ದು ಬಂದ. ಬಾಗಿಲ ಚೌಕಟ್ಟು ಹಿಡಿದು ನಿಂತ.

"ತೆಗದಿಡೂದು ಮರತೆನ್ರಿ ಅಜ್ಜಾರ."

"ಮರತಿ?"

"ಹೌದ್ರಿ."

ಅಜ್ಜಾರು ಗೂಡಿನ ಕಡೆ ನೋಡಿದರು. ಕುಡಿಕೆ ಅಲ್ಲೇ ಇತ್ತು. ತೊಳೆದು, ಒರೆಸಿ, ಬೋರಲು ಹಾಕಿದ ಹಾಗೆ. ಅವರು ಅದನ್ನು ಎತ್ತಿದರು, ಒಳಗೆ ಬೆರಳಾಡಿಸಿದರು, ಮತ್ತೆ ಇಟ್ಟರು.

ಬೈದಿದ್ದರೆ ವಾಸಿಯಿತ್ತು ಅನಿಸಿತು ಮುರಿಗೆಪ್ಪನಿಗೆ. ಅಜ್ಜಾರ ಮುಖದ ಮೇಲೆ ಸಿಟ್ಟಿರಲಿಲ್ಲ, ಇನ್ನೇನೋ ಇತ್ತು. ಅದು ಏನೆಂದು ಅವನಿಗೆ ತಿಳಿಯಲಿಲ್ಲ.

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಅವನಿಗೆ ಯಾವುದೂ ತಿಳಿಯುತ್ತಿರಲಿಲ್ಲ. ಸುಗ್ಗಿ ಮುಗಿದಾಗಿನಿಂದ ಎದೆಯ ಮೇಲೆ ಭಾರವೊಂದು ಬಂದು ಕೂತಿತ್ತು. ಉಂಡರೆ ರುಚಿಯಿಲ್ಲ, ಮಲಗಿದರೆ ನಿದ್ದೆಯಿಲ್ಲ, ಎದ್ದರೆ ಯಾಕೆ ಎದ್ದೆನೋ ಎಂಬ ಬೇಸರ. ಅದರ ಹಿಂದೆಯೇ ಒಂದು ವಿಚಾರ ಬರತೊಡಗಿತ್ತು. ಮೊದಮೊದಲು ಅಪರೂಪಕ್ಕೆ ಬರುತ್ತಿತ್ತು, ಈಗ ಹೋಗುತ್ತಲೇ ಇರಲಿಲ್ಲ. ನಾನು ಇರದಿದ್ದರೆ ಏನಾದೀತು ಎಂಬ ವಿಚಾರ. ಅದಕ್ಕೆ ಅವನು ಹೊಳೆಯ ಮೊಸಳೆಗೆ ಹೆದರುವುದಕ್ಕಿಂತ ಹೆಚ್ಚು ಹೆದರುತ್ತಿದ್ದ.

"ಊರಾಗ ಹೋಗಿ ಹೆಪ್ಪ ತಗೊಂಡ ಬಾ," ಎಂದರು ಅಜ್ಜಾರು.

"ಯಾರ ಮನ್ಯಾಗಿಂದ ತರಲ್ರಿ?"

"ಕುಂಬಾರ ಮಲ್ಲೇಶಿ ಮನ್ಯಾಗಿಂದ."

ಮುರಿಗೆಪ್ಪ ಕುಡಿಕೆಗೆ ಚಾಚಿದ ಕೈ ಹಿಂದೆಗೆದ.

ಆ ಊರಲ್ಲಿ ಒಂದು ರೂಢಿ. ಯಾವ ಮನೆಯಲ್ಲಿ ಯಾರಾದರೂ ತಾವಾಗಿಯೇ ಜೀವ ಕಳೆದುಕೊಂಡರೋ, ಆ ಮನೆಯಿಂದ ಹೆಪ್ಪು ತರುವಂತಿಲ್ಲ, ಆ ಮನೆಗೆ ಹೆಪ್ಪು ಕೊಡುವಂತಿಲ್ಲ. ಒಂದು ಚಮಚ ಹೆಪ್ಪು ಗಡಿಗೆ ಹಾಲನ್ನೆಲ್ಲ ತನ್ನಂತೆಯೇ ಮಾಡುತ್ತದಲ್ಲ, ಹಾಗೆಯೇ ಆ ಸಾವೂ ಅಂಟುತ್ತದೆ ಎಂಬ ನಂಬಿಕೆ. ಸತ್ತವನ ಹೆಸರನ್ನೂ ಎತ್ತುವಂತಿಲ್ಲ. ಅಪ್ಪಿತಪ್ಪಿ ಎತ್ತಿದರೆ ಬಾಯಿ ಮುಕ್ಕಳಿಸಬೇಕು.

ಮಲ್ಲೇಶಿ ಹಾಗೆ ಹೋಗಿ ಒಂದು ಮಳೆಗಾಲ ಕಳೆದಿತ್ತು. ಅವನ ಹೆಂಡತಿ ಸಾವಂತ್ರೆವ್ವ ಇದ್ದ ಓಣಿಯಲ್ಲಿ ಜನ ಹಾಯುವುದನ್ನೇ ಬಿಟ್ಟಿದ್ದರು. ತಮಾಷೆ ನೋಡಿ, ಊರಿನ ಪ್ರತಿ ಮನೆಯಲ್ಲೂ ಮೊಸರಿನ ಗಡಿಗೆ ಮಲ್ಲೇಶಿಯ ಕೈಯಲ್ಲಿ ಆದದ್ದೇ. ಅದನ್ನು ಒಡೆದು ಹಾಕಲು ಮಾತ್ರ ಯಾರಿಗೂ ಮನಸ್ಸು ಬಂದಿರಲಿಲ್ಲ. ಹೊಸ ಗಡಿಗೆ ತರಬೇಕಲ್ಲ!

ಆದರೆ ಮುರಿಗೆಪ್ಪನ ಹೆದರಿಕೆ ಊರಿನವರ ಹೆದರಿಕೆಯಲ್ಲ. ಅದಕ್ಕೆ ಬೇರೆಯೇ ಕಾರಣವಿತ್ತು. ಅವನ ಅಪ್ಪನೂ ಹಾಗೆಯೇ ಹೋದವನು.

ಆಗ ಮುರಿಗೆಪ್ಪ ಇನ್ನೂ ಸಣ್ಣವ. ಅವ್ವ ಖಾಲಿ ಕುಡಿಕೆ ಹಿಡಿದು ಒಂದೊಂದೇ ಬಾಗಿಲಿಗೆ ಹೋದದ್ದು, ಒಂದೊಂದೇ ಬಾಗಿಲು ಮುಚ್ಚಿಕೊಂಡದ್ದು ಅವನಿಗೆ ಚೆನ್ನಾಗಿ ನೆನಪಿದೆ. ಕೊನೆಗೆ ಅವ್ವ ಅವನನ್ನು ಕಟ್ಟಿಕೊಂಡು ಊರನ್ನೇ ಬಿಟ್ಟಳು. ದಾರಿಯಲ್ಲಿ ಅವನ ಗದ್ದ ಹಿಡಿದು ಹೇಳಿದಳು: "ಯಾರರೆ ಕೇಳಿದ್ರ ಅಪ್ಪಗ ಹಾವು ಕಡೀತು ಅನ್ನು. ಏನ ಆಗಲಿ, ಹಾವು ಅನ್ನು."

ಅಂದಿನಿಂದ ಅವನು ಹಾವು ಅಂದ. ಅಜ್ಜಾರಿಗೂ ಹಾವು ಎಂದೇ ಹೇಳಿದ್ದ.

ಈಗ ತನ್ನೊಳಗೇ ಭಾರ ಬಂದು ಕೂತಾಗ ಅವನಿಗೆ ಒಂದೇ ಯೋಚನೆ. ಅಪ್ಪನ ಹೆಪ್ಪು ನನಗೂ ಬಿದ್ದಿದೆ, ಒಳಗೊಳಗೇ ಗಟ್ಟಿಯಾಗುತ್ತಿದೆ. ಇದು ಗೊತ್ತಾದರೆ ಊರು ಓಡಿಸುತ್ತದೆ, ಅಜ್ಜಾರೂ ಓಡಿಸುತ್ತಾರೆ. ಓಡಿಸಿದರೆ ಎಲ್ಲಿಗೆ ಹೋಗಲಿ?

"ಬ್ಯಾರೆ ಮನಿ ಯಾವುದರೆ..." ಎಂದ ಮುರಿಗೆಪ್ಪ.

"ಮಲ್ಲೇಶಿ ಮನಿ," ಎಂದರು ಅಜ್ಜಾರು. ಹೇಳಿದ ಮೇಲೆ ಬಾಯಿ ಮುಕ್ಕಳಿಸಲೂ ಇಲ್ಲ.

ಅವನು ಕುಡಿಕೆ ಹಿಡಿದು ಹೊರಟ. ದಾರಿಯಲ್ಲಿ ಹಿಂದೆ ಕೆಮ್ಮಿದ ಸದ್ದಾಯಿತು. ತಿರುಗಿ ನೋಡಿದರೆ ದೋಣಿ ನಡೆಸುವ ಹುಲಗಪ್ಪ. ದೋಣಿ ಬಿಟ್ಟು ಈ ಮನುಷ್ಯ ಊರಲ್ಲಿ ಯಾಕೆ ಅಡ್ಡಾಡುತ್ತಿದ್ದಾನೆ ಎಂದು ಮುರಿಗೆಪ್ಪನಿಗೆ ರೇಗಿತು. ಹುಲಗಪ್ಪ ಹಲ್ಲು ಕಿರಿದು ಬೀಡಿ ಹಚ್ಚಿದ.

ಕುಂಬಾರ ಓಣಿಯ ಬಾಯಿಗೆ ಬಂದಾಗ ಮುರಿಗೆಪ್ಪನ ಕಾಲು ನಿಂತವು. ಓಣಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಮಲ್ಲೇಶಿ ಗಡಿಗೆ ಮಾಡುತ್ತಿದ್ದ ತಿಗರಿ ಅಂಗಳದಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಅರ್ಧ ತೆರೆದ ಬಾಗಿಲ ಹಿಂದೆ ಕತ್ತಲು. ಆ ಕತ್ತಲೊಳಗಿಂದ ಅಪ್ಪ ಎದ್ದು ಬರುತ್ತಾನೆ, ಬಾ ಮಗನೆ ಅನ್ನುತ್ತಾನೆ ಎಂದು ಅವನಿಗೆ ಅನಿಸಿಬಿಟ್ಟಿತು.

ಹಿಂದಕ್ಕೆ ತಿರುಗಿದವನೇ ದ್ಯಾಮನಗೌಡರ ಮನೆಗೆ ಹೋದ. ಗೌಡ ಊರಿನ ಹಿರಿಯ. ಗೌಡತಿ ಸಂಭ್ರಮದಿಂದ ಹೆಪ್ಪು ಕೊಟ್ಟಳು.

ಮಠಕ್ಕೆ ಬಂದು ಕುಡಿಕೆ ಇಟ್ಟ. ಅಜ್ಜಾರು ಅದರ ಕಡೆ ನೋಡಲೂ ಇಲ್ಲ.

"ಸಾವಂತ್ರೆವ್ವ ಏನಂದ್ಲು?"

"ಏನೂ ಅನ್ನಲಿಲ್ರಿ. ಕೊಟ್ಟು ಕಳಿಸಿದ್ಲು."

"ಮಳಿಗಾಲದಿಂದ ಆಕಿ ಕೂಡ ಒಬ್ಬರೂ ಮಾತಾಡಿಲ್ಲ. ನೀ ಹೋಗಿ ಬಾಗಿಲದಾಗ ನಿಂತರ ಏನೂ ಅನ್ನಲಿಲ್ಲ?"

"ಗೌಡರ ಮನೀದ್ರಿ," ಎಂದ ಮುರಿಗೆಪ್ಪ ತಲೆ ತಗ್ಗಿಸಿ.

"ಗೌಡರ ಮನಿ ಹೆಪ್ಪ ಎಮ್ಮಿಗೆ ಹಾಕು," ಎಂದರು ಅಜ್ಜಾರು. "ಮತ್ತ ಹೋಗು."

ಅವನು ಮತ್ತೆ ಹೋದ. ಈ ಸಲವೂ ಹಿಂದೆ ಹುಲಗಪ್ಪ. ಈ ಸಲ ಮುರಿಗೆಪ್ಪ ಕಣ್ಣು ಮುಚ್ಚಿಕೊಂಡವನ ಹಾಗೆ ನೇರ ನಡೆದು ಬಾಗಿಲು ಬಡಿದ.

"ಯಾರು? ದಾರಿ ತಪ್ಪಿ ಬಂದಿರೇನು?" ಒಳಗಿಂದ ಹೆಂಗಸಿನ ದನಿ.

"ಮಠದಿಂದ ಬಂದೀನ್ರಿ. ಹೆಪ್ಪ ಬೇಕಾಗಿತ್ತು."

ಒಳಗೆ ಪಾತ್ರೆ ಬಿದ್ದ ಸದ್ದು.

"ಏನ ಬೇಕಾಗಿತ್ತು?"

"ಹೆಪ್ಪ ರಿ."

ಸಾವಂತ್ರೆವ್ವ ಹೊರಗೆ ಬಂದಳು. ಅವನನ್ನು ನೋಡಿದಳು, ಅವನ ಕೈಯ ಕುಡಿಕೆ ನೋಡಿದಳು. ಸೆರಗು ಬಾಯಿಗೆ ತುರುಕಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಅಳುವುದು ಮುಗಿಯುವ ತನಕ ಮುರಿಗೆಪ್ಪ ನಿಂತೇ ಇದ್ದ. ಓಡಿಹೋಗಬೇಕೆನಿಸಿದರೂ ಹೋಗಲಿಲ್ಲ.

"ದಿನಾ ಹೆಪ್ಪ ಹಾಕತೀನಿ," ಎಂದಳು ಕಣ್ಣೊರೆಸಿಕೊಂಡು. "ಇಬ್ಬರಿಗೆ ಆಗುವಷ್ಟು. ರೂಢಿ ಬಿಟ್ಟ ಹೋಗವಲ್ದು. ಅರ್ಧ ನಾಯಿಗೆ ಹಾಕತೀನಿ. ನಾಯಿ ಒಂದ ನೋಡು, ಮಂದಿ ಮಾತ ಕೇಳೂದಿಲ್ಲ."

ಅವನ ಕುಡಿಕೆ ತೆಗೆದುಕೊಂಡು ಒಳಗೆ ಹೋಗಿ ಹೆಪ್ಪು ಹಾಕಿ ತಂದಳು. ಕೊಡಲು ಕೈ ಚಾಚಿದವಳು ಅವನ ಮುಖ ನೋಡಿ ಹಾಗೇ ನಿಂತುಬಿಟ್ಟಳು.

"ಅಂವನೂ ಹಿಂಗ ನಿಲ್ಲತಿದ್ದ," ಎಂದಳು.

"ಯಾರು ರಿ?"

"ನನ್ನ ಗಂಡ. ಎದುರಿಗೆ ನಿಂತರೂ ಎಲ್ಲೋ ದೂರ ಇದ್ದಂಗ. ಕರದ್ರ ಓ ಅಂತಿದ್ದ, ಕಣ್ಣು ಮಾತ್ರ ಇಲ್ಲಿ ಇರತಿರಲಿಲ್ಲ."

ಮುರಿಗೆಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಒಂದಿನ ಅಂದ, ಸಾವಂತ್ರಿ, ನನ್ನ ಮನಸ್ಸು ಕೆಟ್ಟ ಹೋಗೇತಿ, ಯಾರಿಗರೆ ತೋರಸೂನೇನು ಅಂತ. ನಾ ಅಂದೆ, ಸುಮ್ಮನಿರು, ಮಂದಿ ಕೇಳಿದ್ರ ಹುಚ್ಚ ಅಂದಾರು. ಅಂವ ಸುಮ್ಮನಾದ. ಆಮ್ಯಾಲ ಅದರ ಮಾತ ಎತ್ತಲಿಲ್ಲ. ನಾನೂ, ಆರಾಮ ಆಗ್ಯಾನ ಅಂತ ತಿಳಕೊಂಡೆ."

ಅವಳು ಕುಡಿಕೆಯನ್ನು ಅವನ ಕೈಯಲ್ಲಿಟ್ಟಳು. ಇಟ್ಟ ಮೇಲೂ ಕೈ ಬಿಡಲಿಲ್ಲ.

"ತಮ್ಮಾ, ನೀ ಯಾರಿಗರೆ ಹೇಳಿಯೇನು?"

"ನನಗೇನೂ ಆಗಿಲ್ರಿ," ಎಂದ ಮುರಿಗೆಪ್ಪ.

ಕೈ ಬಿಡಿಸಿಕೊಂಡು ಓಡಿದ. ಓಣಿ ದಾಟಿದರೂ ಓಡಿದ. ಹುಲಗಪ್ಪನೂ ಅವನ ಹಿಂದೆ ಏದುಸಿರು ಬಿಡುತ್ತ ಓಡಿದ.

ಸಂಜೆಯಾಯಿತು. ಹಾಲು ಕಾಸಿದ. ಆರಿಸಿದ. ಕುಡಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಕೂತ. ಕೈ ಮುಂದೆ ಬರಲಿಲ್ಲ.

ಅಜ್ಜಾರು ಬಂದು ಎದುರಿಗೆ ಕೂತರು.

"ಹಾಲು ತಣ್ಣಗಾಗಾಕತ್ತೈತಿ. ಯಾಕ ಹಾಕವಲ್ಲಿ?"

"ಅಂಜಿಕಿ ಬರತೈತ್ರಿ."

"ಯಾತರದು?"

"ಅಂಟತೈತಿ ಅಂತಾರಲ್ರಿ."

"ಮಂದಿ ಅಂತಾರ. ನೀ ಏನಂತಿ?"

ಮುರಿಗೆಪ್ಪ ಗಡಿಗೆಯ ಮುಚ್ಚಳ ಎತ್ತಿ ಮತ್ತೆ ಮುಚ್ಚಿದ. ಇವತ್ತು ಹೇಳಿದರೆ ನಾಳೆ ಇಲ್ಲಿ ಜಾಗವಿಲ್ಲ. ಹೇಳದಿದ್ದರೆ ನಾಳೆಯೇ ಇಲ್ಲ.

"ಅಂಟೇತ್ರಿ ಅಜ್ಜಾರ," ಎಂದ. "ನನಗ ಅಂಟೇತಿ. ನಮ್ಮಪ್ಪಗ ಹಾವು ಕಡದಿಲ್ರಿ."

"ಗೊತ್ತೈತಿ."

ಮುರಿಗೆಪ್ಪ ತಲೆಯೆತ್ತಿದ. "ಹೆಂಗ ರಿ?"

"ನಿನ್ನ ಹಾವು ಒಂದ ವರ್ಷ ಎಡಗಾಲಿಗೆ ಕಡದಿತ್ತು. ಮತ್ತೊಂದ ವರ್ಷ ಬಲಗಾಲಿಗೆ."

ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ.

"ಗೊತ್ತಿದ್ದೂ ನನ್ನ ಯಾಕ ಇಟ್ಟಕೊಂಡ್ರಿ?"

"ಎಮ್ಮಿ ಚಲೋ ಹಿಂಡತಿ."

"ಚ್ಯಾಷ್ಟಿ ಮಾಡಬ್ಯಾಡ್ರಿ ಅಜ್ಜಾರ," ಎಂದವನಿಗೆ ಅಳು ನುಗ್ಗಿ ಬಂತು. "ನನಗ ಬದುಕೂದ ಬ್ಯಾಡ ಅನಸಾಕತ್ತೈತ್ರಿ. ದಿನಾ ಅನಸತೈತಿ. ಅಪ್ಪನಂಗ ನಾನೂ..."

ಹೇಳಿಬಿಟ್ಟೆ ಎಂದು ಅವನಿಗೆ ಹೆದರಿಕೆಯಾಯಿತು. ಗೋಡೆಗೆ ಆತು ಮೈ ಹಿಡಿ ಮಾಡಿಕೊಂಡು ಕೂತ. ಏಳು ಅನ್ನುತ್ತಾರೆ, ಗಂಟು ಕಟ್ಟು ಅನ್ನುತ್ತಾರೆ ಎಂದು ಕಾದ.

ಅಜ್ಜಾರು ಹತ್ತಿರ ಸರಿದು ಅವನ ಪಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತರು.

"ಕುಡಿಕಿ ಮರತೆ ಅಂದಿ."

"ಹೌದ್ರಿ."

"ಮರತವರ ಕುಡಿಕಿ ಹೊಲಸ ಬಿದ್ದಿರತೈತಿ. ನೀ ತೊಳದಿದ್ದಿ. ಒರಸಿ ಬೋರಲ ಹಾಕಿದ್ದಿ. ಮುಗೀತು ಅನ್ನಾವ್ರು ಹಂಗ ಇಡತಾರ."

ಮುರಿಗೆಪ್ಪನಿಗೇ ಅದು ಗೊತ್ತಿರಲಿಲ್ಲ. ಆ ಕುಡಿಕೆಯನ್ನು ತೊಳೆದದ್ದು ತನ್ನ ಕೈಯೇ ಹೌದು, ಆದರೆ ಯಾಕೆ ತೊಳೆದೆ ಎಂದು ಅವನು ಕೇಳಿಕೊಂಡಿರಲಿಲ್ಲ. ತನ್ನ ಕೈ ತನಗೆ ಹೇಳದೆ ಇಷ್ಟು ದೂರ ಹೋಗಿದೆಯಲ್ಲ ಎಂದು ಅವನು ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡ.

ಆಗ ಪಕ್ಕದಲ್ಲಿ ನೋಡಿದ. ಅಜ್ಜಾರ ಕೈ ತೊಡೆಯ ಮೇಲೆ ನಡುಗುತ್ತಿತ್ತು.

"ಅಜ್ಜಾರ, ನಿಮ್ಮ ಕೈ..."

"ಅಂಜಿಕಿ ಬಂದೈತೋ."

"ನಿಮಗ?"

"ಮುಂಜಾನಿ ಕುಡಿಕಿ ನೋಡಿದಾಗಿಂದ."

ಗುರುಗಳಿಗೂ ಹೆದರಿಕೆಯಾಗುತ್ತದೆ ಎಂದು ಮುರಿಗೆಪ್ಪ ಎಣಿಸಿರಲಿಲ್ಲ.

"ಮತ್ತ ಮುಂಜಾನಿನ ಯಾಕ ಕೇಳಲಿಲ್ರಿ?"

"ಕೇಳಿದ್ರ ಹಾವು ಅಂತಿದ್ದಿ."

"ಒಬ್ಬನ್ನ ಯಾಕ ಕಳಿಸಿದ್ರಿ? ದಾರ್ಯಾಗ ನಾ ಏನರೆ..."

"ಒಬ್ಬನ್ನ ಎಲ್ಲಿ ಕಳಿಸೀನಿ? ಇಡೀ ದಿನಾ ಆ ಹುಲಗಪ್ಪನ ದೋಣಿ ನಿಂತೈತಿ. ಮಂದಿ ನನ್ನ ಬೈಕೋತ ಅದಾರ."

ಮುರಿಗೆಪ್ಪ ಮೊಣಕಾಲಲ್ಲಿ ಮುಖ ಹುದುಗಿಸಿ ಅತ್ತ. ಅಜ್ಜಾರು ಅಳಬೇಡ ಅನ್ನಲಿಲ್ಲ, ಧೈರ್ಯ ತಂದುಕೋ ಎಂದೂ ಅನ್ನಲಿಲ್ಲ. ಅಳು ನಿಂತ ಮೇಲೆ ಹೇಳಿದರು:

"ನಾಳೆ ಹೊಳಿ ಆಚಿ ದವಾಖಾನಿಗೆ ಹೋಗೂನು. ಅಲ್ಲಿ ಮನಸ್ಸಿನ ಡಾಕ್ಟರು ಅದಾರ."

"ಹುಚ್ಚರ ಡಾಕ್ಟರು ಅಂತಾರ್ರಿ ಮಂದಿ. ಬ್ಯಾಡ್ರಿ. ನಾ ಜಪ ಹೆಚ್ಚಿಗಿ ಮಾಡತೀನ್ರಿ."

"ಹೋದ ವರ್ಷ ನನ್ನ ಮೊಣಕಾಲ ಬಾತಾಗ ಯಾವ ಜಪ ಮಾಡು ಅಂದಿದ್ದಿ?"

"ಜಪ ಅಲ್ರಿ, ದವಾಖಾನಿಗೆ ಕರಕೊಂಡ ಹೋಗಿದ್ದೆ."

"ಹ್ಞೂಂ. ಮುದುಕನ ಹಟಾ ನೋಡು ಅಂತ ಬೈಕೋತ ಕರಕೊಂಡ ಹೋಗಿದ್ದಿ. ನಾಳೆ ನಾ ಬೈತೀನಿ."

ಅವರು ಎದ್ದು ತಮ್ಮ ಚಾಪೆ ತಂದು ಅವನ ಕೋಣೆಯ ಬಾಗಿಲಿಗೆ ಅಡ್ಡ ಹಾಸಿದರು.

"ಇಲ್ಲೇ ಮಲಗತೀನಿ. ವಿಚಾರ ಬಂತಂದ್ರ ಎಬ್ಬಸು."

"ನಿಮಗ ನಿದ್ದಿ ಹತ್ತಿದ್ರ?"

"ಹತ್ತತೈತಿ ಅಂತನ ಎಬ್ಬಸು ಅನ್ನಾಕತ್ತೀನಿ."

ಮುರಿಗೆಪ್ಪ ಗಡಿಗೆಯ ಬಳಿ ಹೋದ. ಹಾಲು ಮತ್ತೆ ಬೆಚ್ಚಗೆ ಮಾಡಿದ. ಸಾವಂತ್ರೆವ್ವನ ಹೆಪ್ಪು ಬಿಟ್ಟ.

ಬೆಳಗಾಯಿತು. ಮೊಸರು ಬಿಗಿಯಾಗಿ ಕೂತಿತ್ತು. ಅವನು ಮೊದಲು ಒಂದು ಚಮಚ ಕುಡಿಕೆಗೆ ತೆಗೆದಿಟ್ಟ, ಆಮೇಲೆ ಕಡೆದ.

ನಿನ್ನೆ ದೋಣಿ ನಿಂತದ್ದರಿಂದ ದಂಡೆಯಲ್ಲಿ ಜನವೋ ಜನ. ದ್ಯಾಮನಗೌಡ ಎಲ್ಲರಿಗಿಂತ ಮುಂದೆ ಮಗಿಯಲ್ಲಿ ಮಜ್ಜಿಗೆ ಹಾಕಿಸಿಕೊಂಡು ನಿಂತಿದ್ದ. ಊರ ಮನೆಗಳಲ್ಲೆಲ್ಲ ಇರುವಂಥದೇ ಮಣ್ಣಿನ ಮಗಿ.

"ನಮ್ಮ ಮನಿ ಹೆಪ್ಪಿನ ಮಜ್ಜಿಗಿ ಅಂತಲ್ಲ ಇವತ್ತ!" ಎಂದ ಮೀಸೆ ತಿರುವಿ. "ನಮ್ಮಾಕಿ ಹೇಳಿದ್ಲು."

ಹೌದು ಎಂದರೆ ಮುಗಿಯುತ್ತಿತ್ತು. ಹಾವು ಅಂದಷ್ಟೇ ಸಲೀಸು. ಮುರಿಗೆಪ್ಪನ ನಾಲಿಗೆಯ ತುದಿಗೆ ಆ ಹೌದು ಬಂದೂ ಬಿಟ್ಟಿತ್ತು. ಅವನು ಅಜ್ಜಾರ ಕಡೆ ನೋಡಿದ. ಅವರು ಹೊಳೆ ನೋಡುತ್ತಿದ್ದರು.

"ಅಲ್ರಿ ಗೌಡ್ರ," ಎಂದ. "ಸಾವಂತ್ರೆವ್ವನ ಮನೀದು. ಮಲ್ಲೇಶಿ ಮನೀದು."

ಯಾರೋ ಥೂ ಎಂದರು. ಗೌಡ ಮಗಿಯಲ್ಲಿದ್ದ ಮಜ್ಜಿಗೆಯನ್ನು ನೆಲಕ್ಕೆ ಚೆಲ್ಲಿದ.

"ಅಜ್ಜಾರ, ಏನ ಮಾಡಿದ್ರಿ ಇದು? ಅಂಥಾ ಸಾವು ಅಂಟತೈತಿ! ಊರ ಉಳಿಯೂದಿಲ್ಲ!"

ಅಜ್ಜಾರು ಮೆಲ್ಲಗೆ ಅವನ ಕಡೆ ತಿರುಗಿದರು.

"ಗೌಡ, ಆ ಮಗಿ ಯಾರ ಕೈಯಾಂದು?"

ಗೌಡ ತನ್ನ ಕೈಯ ಮಗಿ ನೋಡಿದ. ಮಲ್ಲೇಶಿ ತಾನು ಮಾಡಿದ ಪಾತ್ರೆಗಳ ಕಂಠದ ಸುತ್ತ ಎಳೆಯುತ್ತಿದ್ದ ಬಳ್ಳಿಯ ಗೆರೆ ಅದರ ಮೇಲೆ ಇತ್ತು. ಮಗಿಯನ್ನು ಒಡೆಯಲಿಲ್ಲ. ಧೋತರದ ಚುಂಗು ಝಾಡಿಸಿಕೊಂಡು ಹೊರಟುಹೋದ. ಅವನ ಹಿಂದೆ ಮುಕ್ಕಾಲು ಪಾಲು ಜನ ಹೊರಟರು.

"ನಮ್ಮಪ್ಪನೂ ಹಂಗ ಹೋದಾವ," ಎಂದ ಮುರಿಗೆಪ್ಪ ಹೋಗುವವರ ಬೆನ್ನಿಗೆ. ಜೋರಾಗಿಯೇ ಅಂದ. "ನನಗೂ ಆರಾಮಿಲ್ಲ. ಇವತ್ತ ದವಾಖಾನಿಗೆ ಹೊಂಟೀನಿ."

ಕೆಲವರು ತಿರುಗಿ ನೋಡಿದರು. ಕೆಲವರು ಹೆಜ್ಜೆ ಬಿರುಸು ಮಾಡಿದರು.

ಹುಲಗಪ್ಪ ದೋಣಿಯಿಂದ ಇಳಿದು ಬಂದು ಬೊಗಸೆ ಒಡ್ಡಿದ. ಗಟಗಟ ಕುಡಿದ. ಮತ್ತೆ ಒಡ್ಡಿದ.

"ನನ್ನ ತಂಗಿನೂ," ಎಂದ ಮೆಲ್ಲಗೆ, ಮಜ್ಜಿಗೆಯನ್ನೇ ನೋಡುತ್ತ. "ಪಾರವ್ವ ಅಂತ ಹೆಸರು. ಎಷ್ಟ ವರ್ಷ ಆತು, ಹೆಸರ ತಗದು."

ಅವನ ಹಿಂದೆ ಒಬ್ಬಳು ಮುದುಕಿ ಬೊಗಸೆ ಚಾಚಿದಳು.

ಸಾವಂತ್ರೆವ್ವ ಮಠದ ಮೆಟ್ಟಿಲ ಕೆಳಗೆ, ಎಲ್ಲರಿಂದ ದೂರ ನಿಂತಿದ್ದಳು. ಯಾವಾಗ ಬಂದಳೋ. ಅಜ್ಜಾರು ಕುಡಿಕೆ ಹಿಡಿದು ಅವಳ ಬಳಿಗೆ ಇಳಿದು ಹೋದರು.

"ಯವ್ವಾ, ನಾವಿಬ್ಬರೂ ದವಾಖಾನಿಗೆ ಹೊಂಟೇವಿ. ಬರೂದು ಹೊತ್ತಾಗತೈತಿ. ಮಠದ ಹಾಲಿಗೆ ಹೆಪ್ಪ ನೀ ಹಾಕು."

ಅವಳು ಕುಡಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಅಂವ ಹೇಳಾಕ ಬಂದಾಗ ನಾ ಸುಮ್ಮನಿರು ಅಂದೆ ಅಜ್ಜಾರ."

"ಸುಮ್ಮನಿರು ಅಂತ ನಿನಗೂ ಯಾರೋ ಕಲಿಸಿದ್ರವ್ವಾ," ಎಂದರು ಅಜ್ಜಾರು.

ದೋಣಿ ಹೊರಟಿತು. ನಡು ಹೊಳೆಯಲ್ಲಿ ಮುರಿಗೆಪ್ಪ ನೀರಿನ ಕಡೆ ನೋಡಲಿಲ್ಲ. ಅಜ್ಜಾರ ಅಂಗಿಯ ತುದಿ ಹಿಡಿದುಕೊಂಡಿದ್ದ, ಸಣ್ಣ ಹುಡುಗನ ಹಾಗೆ. ಅಜ್ಜಾರು ಅದನ್ನು ನೋಡಿಯೂ ನೋಡದವರ ಹಾಗೆ ದಾರಿಯುದ್ದಕ್ಕೂ ಅವನನ್ನು ಬೈಯುತ್ತ ಬಂದರು.

ಡಾಕ್ಟರು ಕೇಳಿದರು, ಮುರಿಗೆಪ್ಪ ಹೇಳಿದ. ಹಾವಿನ ಮಾತು ಬರಲಿಲ್ಲ. ಗುಳಿಗೆ ಕೊಟ್ಟರು, ಮತ್ತೆ ಮತ್ತೆ ಬಾ ಎಂದರು.

ಗುಳಿಗೆ ನುಂಗಿದ ಮರುದಿನವೇ ಎಲ್ಲ ಸರಿಹೋಯಿತು ಎಂದು ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ. ನಿಧಾನಕ್ಕೆ, ಬಹಳ ನಿಧಾನಕ್ಕೆ ಊಟ ರುಚಿಸತೊಡಗಿತು. ಒಂದು ದಿನ ಎಮ್ಮೆ ಒದ್ದಾಗ ಅವನು ನಕ್ಕ. ಅಜ್ಜಾರು ಮಾತ್ರ ಬಾಗಿಲಿನ ಚಾಪೆ ತೆಗೆಯಲಿಲ್ಲ. ಊರಲ್ಲಿ ಒಂದೆರಡು ಮನೆಯವರು ಕತ್ತಲಾಗುವ ಮುಂಚೆ ಸಾವಂತ್ರೆವ್ವನ ಬಾಗಿಲಿಗೆ ಹೋಗಿ ಹೆಪ್ಪು ಕೇಳಿದರು. ಗೌಡ ಮಠದ ಕಡೆ ಬರುವುದನ್ನು ಬಿಟ್ಟ.

ಮತ್ತೊಂದು ಸುಗ್ಗಿ ಬಂತು, ಹೋಯಿತು. ಹೊಳೆ ಸಣ್ಣದಾಯಿತು.

ಅಂಥದೊಂದು ದಿನ, ಇನ್ನೂ ಬೆಳಕು ಹರಿಯುತ್ತಿರುವಾಗ, ಮುರಿಗೆಪ್ಪ ಕಣ್ಣು ಬಿಟ್ಟ. ಎದೆಯ ಮೇಲೆ ಅದೇ ಭಾರ. ಅದೇ ವಿಚಾರ. ಹೋಗಿತ್ತು ಅಂದುಕೊಂಡಿದ್ದ. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಹೇಳುವುದು ಬೇಡ, ಇಷ್ಟೆಲ್ಲ ಮಾಡಿದ ಮುದುಕನಿಗೆ ಮತ್ತೆ ಯಾವ ಮುಖದಿಂದ ಹೇಳಲಿ ಎಂದುಕೊಂಡ.

ಆಮೇಲೆ ಕೈ ಚಾಚಿ ಚಾಪೆ ಜಗ್ಗಿದ.

"ಅಜ್ಜಾರ."

"ಹ್ಞಾಂ."

"ಮತ್ತ ಬಂದೈತ್ರಿ."

ಅಜ್ಜಾರು ಎದ್ದು ಕೂತರು. "ಚಲೋ ಆತು, ಎಬ್ಬಿಸಿದಿ. ಹುಲಗಪ್ಪಗ ಹೇಳತೀನಿ, ಮೊದಲನೇ ದೋಣಿಗೆ ಹೋಗೂನು."

"ಅಂಜಿಕಿ ಬರತೈತ್ರಿ."

"ನನಗೂ ಬಂದೈತಿ. ಅತ್ತಾಗ ಸರಿ, ಜಾಗಾ ಕೊಡು."

ಒಳಗೆ ಹೋಗಿ ಮೊಸರಿನ ಗಡಿಗೆ ತಂದು ಅವನ ಹಾಸಿಗೆಯ ಪಕ್ಕದಲ್ಲಿಟ್ಟರು. ಕುಡಿಕೆ ತಂದರು. ಚಮಚ ತಂದರು. ಅವನ ಪಕ್ಕದಲ್ಲಿ ಕೂತರು.

ಮುರಿಗೆಪ್ಪ ಗಡಿಗೆ ನೋಡಿದ, ಕುಡಿಕೆ ನೋಡಿದ. ಕಣ್ಣಲ್ಲಿ ನೀರು ತುಂಬಿತು.

"ಆಗೂದಿಲ್ರಿ ಅಜ್ಜಾರ. ನಾಳೆ ಅನ್ನೂದು ನನಗ ಕಾಣವಲ್ದು."

ಅಜ್ಜಾರು ಅವನ ಬೆರಳು ಬಿಡಿಸಿ ಚಮಚ ಹಿಡಿಸಿದರು.

"ಕಾಣೂದು ಬ್ಯಾಡಪಾ. ಒಂದು ಚಮಚ ತೆಗದಿಡು."